ಎಲ್ಲದಕ್ಕೂ ಬೇಜಾರು ಅಂದರೆ ಹೇಗೆ?

ಅಪ್ಪ ಹೋದ ಮೇಲೆ ಕೆಲವು ತಿಂಗಳು ಯಾರು ಏನು ಕೇಳಿದರೂ 'ಬೇಜಾರು' ಅಂತ ಹೇಳಿ ಮಾತು ಮುಗಿಸುತ್ತಿದ್ದೆ. ಬಸ್ಸು ತಪ್ಪಿದರೂ ಅದೇ ಪದ, ಇದಕ್ಕೂ ಅದೇ ಪದ. ಒಂದು ರಾತ್ರಿ ನಿದ್ದೆ ಬಾರದೆ, ಈ ನೋವಿಗೆ ಸರಿಯಾದ ಪದ ಸಿಗುತ್ತಾ ಅಂತ ಇಂಗ್ಲಿಷ್ ನಿಘಂಟು ಹಿಡಿದು ಕೂತೆ.

ಡಿಸ್ಪೇರ್‌ನಿಂದ ಶುರು ಮಾಡಿದೆ. ಲ್ಯಾಟಿನ್ ಮೂಲದಲ್ಲಿ ಅದು ಭರವಸೆ ಬಿಟ್ಟುಹೋಗುವುದು. ನಮ್ಮ ಹತಾಶೆಯೂ ಹಾಗೇ ಅಲ್ವಾ, ಸತ್ತುಹೋದ ಆಸೆ. ಅಂದರೆ ಮೊದಲು ಆಸೆ ಇದ್ದಿರಲೇಬೇಕು. ಡೆಸ್ಪರೇಟ್ ಕೂಡ ಅದೇ ಬೇರಿನ ಪದ, ಆದರೆ ಡಿಸ್ಪೇರ್‌ನಲ್ಲಿರುವವರು ಕೈಚೆಲ್ಲಿ ಕೂರುತ್ತಾರೆ, ಡೆಸ್ಪರೇಟ್ ಆದವರು ಏನಾದರೂ ಸರಿ ಅಂತ ಎದ್ದು ಓಡುತ್ತಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆಂಗ್ವಿಶ್, ಅಂದರೆ ತೀವ್ರ ಯಾತನೆ. ಅದರ ಲ್ಯಾಟಿನ್ ಮೂಲಕ್ಕೆ ಇಕ್ಕಟ್ಟು ಅಂತ ಅರ್ಥ. ಆತಂಕ ಅನ್ನುವ ಅರ್ಥದ ಆಂಗ್ಸೈಟಿಯೂ ಅದೇ ಮನೆತನದ್ದು. ನಾವು ದಿನಾ ಬಳಸುವ ಸಂಕಟಕ್ಕೂ ಸಂಸ್ಕೃತದಲ್ಲಿ ಇಕ್ಕಟ್ಟು, ಕಿರಿದಾದ ಜಾಗ ಎಂಬ ಅರ್ಥವಿದೆ! ಎದೆ ಹಿಂಡುವುದು, ಗಂಟಲು ಕಟ್ಟುವುದು, ಇದನ್ನೆಲ್ಲ ಅನುಭವಿಸಿದವರೇ ಈ ಪದಗಳನ್ನು ಮಾಡಿರಬೇಕು ಅಂತ ಆ ರಾತ್ರಿ ಬಲವಾಗಿ ಅನ್ನಿಸಿತು.

ಸ್ಯಾಡ್ ಅಂದರೆ ಹಳೆಯ ಇಂಗ್ಲಿಷಿನಲ್ಲಿ ಹೊಟ್ಟೆ ತುಂಬಿದ, ಸಾಕೆನಿಸಿದ ಸ್ಥಿತಿ. ಮೆಲಂಕಲಿ ಅಂದರೆ ಗ್ರೀಕಿನಲ್ಲಿ ಕಪ್ಪು ಪಿತ್ತ. ಅದು ಮೈಯಲ್ಲಿ ಜಾಸ್ತಿಯಾದರೆ ಮನಸ್ಸು ಕುಗ್ಗುತ್ತದೆ ಅಂತ ಹಿಂದಿನ ವೈದ್ಯರು ನಂಬಿದ್ದರು. 1621ರಲ್ಲಿ ರಾಬರ್ಟ್ ಬರ್ಟನ್ ಎಂಬ ಇಂಗ್ಲಿಷ್ ಪಾದ್ರಿ ಇದೊಂದರ ಮೇಲೆಯೇ ದಪ್ಪ ಪುಸ್ತಕ ತಂದರು.

ಡಿಪ್ರೆಶನ್ ಬಗ್ಗೆ ಮಾತ್ರ ನನಗೆ ತಕರಾರಿದೆ. ಕೆಳಕ್ಕೆ ಒತ್ತುವುದು ಎಂಬ ಅದರ ಅರ್ಥವೇನೋ ಸರಿ. ಆದರೆ ಸಮುದ್ರದ ಮೇಲಿನ ವಾಯುಭಾರ ಕುಸಿತಕ್ಕೂ, 1929ರ ನಂತರದ ಆರ್ಥಿಕ ಕುಸಿತಕ್ಕೂ ಅದೇ ಹೆಸರು. ಒಂದು ದಿನ ಮಂಕಾಗಿದ್ದರೂ ಸುಮ್ನೆ ಆ ಪದ ಬಳಸುತ್ತೇವೆ. ನಿಜವಾಗಿ ಆ ಕಾಯಿಲೆಯಿಂದ ಹಾಸಿಗೆ ಬಿಟ್ಟು ಏಳಲಾಗದವರು ಬಾಯಿಬಿಟ್ಟು ಹೇಳಿದಾಗ, ಹೌದು ನಂಗೂ ಹಾಗೇ ಆಗುತ್ತೆ ಅಂದುಬಿಡುತ್ತೇವೆ. ಇದು ತಪ್ಪು.

ಕೊನೆಗೆ ಸಿಕ್ಕಿದ್ದು ಗ್ರೀಫ್, ಅಗಲಿಕೆಯ ದುಃಖ. ಮೂಲ ಅರ್ಥ ಭಾರ.

ಮರುದಿನ ಗೆಳತಿ ಫೋನ್ ಮಾಡಿ ಹೇಗಿದ್ದೀಯ ಅಂದಳು. ಎದೆ ಭಾರವಾಗಿದೆ ಕಣೇ, ಅಪ್ಪ ಹೋದಾಗಿನಿಂದ ಇಳಿದೇ ಇಲ್ಲ ಅಂದೆ. ಅವತ್ತು ಅವಳು ತುಂಬಾ ಹೊತ್ತು ಫೋನ್ ಇಡಲಿಲ್ಲ.