ಆರರ ರಿವಾಲ್ವರಿಗೆ ಐದೇ ಗುಂಡು

ಇವತ್ತು ಟೀವಿಲಿ ಯಾವುದೋ ಕೌಬಾಯ್ ಸಿನಿಮಾ. ಹೀರೋ ಆರಕ್ಕೆ ಆರೂ ಗುಂಡು ತುಂಬಿ, ಸೊಂಟಕ್ಕೆ ಸಿಗಿಸಿ ಕುದುರೆ ಹತ್ತಿದ.
ಅಯ್ಯೋ ಮಾರಾಯ!

ಕೌಬಾಯ್ ಕಾಲದ 1873ರ ಕೋಲ್ಟ್ ರಿವಾಲ್ವರ್‌ನಲ್ಲಿ ಫೈರಿಂಗ್ ಪಿನ್ (ಗುಂಡಿನ ಬೆನ್ನಿಗೆ ಕುಟ್ಟಿ ಹಾರಿಸೋ ಮೊಳೆ) ಇರೋದು ಹ್ಯಾಮರಿನ, ಅಂದ್ರೆ ಹಿಂದಿನ ಸುತ್ತಿಗೆಯ, ಮೂತಿಯಲ್ಲೇ. ಹ್ಯಾಮರ್ ಇಳಿಸಿಟ್ಟರೆ ಪಿನ್ ಹೋಗಿ ಗುಂಡಿನ ಬೆನ್ನಿಗೇ ಒರಗುತ್ತೆ. ಜೀನು ಬಿಗಿಯುವಾಗ ರಿಕಾಬು (ಸವಾರ ಕಾಲಿಡೋ ಕೊಂಡಿ) ಜಾರಿ ಹ್ಯಾಮರಿಗೆ ಬಡಿದರೂ ಸಾಕು, ಢಂ! ಗುರಿ ಯಾವುದು? ಸ್ವಂತ ಕಾಲು. ಹ್ಯಾಮರನ್ನ ಗುಂಡಿಗೆ ತಾಗದಂತೆ ತುಸು ಹಿಂದೆ ತಡೆಯೋಕೆ ಸೇಫ್ಟಿ ಕಚ್ಚು ಅಂತ ಒಂದಿದೆ, ಜೋರು ಪೆಟ್ಟು ಬಿದ್ದರೆ ಅದೂ ಮುರಿಯುತ್ತೆ.

ಅದಕ್ಕೇ ಬಲ್ಲವರ ಲೆಕ್ಕ ಬೇರೆ: ಗುಂಡಿಡೋ ಆರು ಮನೆಗಳಲ್ಲಿ ಒಂದು ತುಂಬು, ಒಂದು ಬಿಡು, ಆಮೇಲೆ ನಾಲ್ಕು ತುಂಬು. ಹ್ಯಾಮರ್ ಪೂರ್ತಿ ಎಳೆದು ಮೆಲ್ಲಗೆ ಇಳಿಸಿದರೆ ಕೂರೋದು ಖಾಲಿ ಮನೆ ಮೇಲೆ.

ಕೋಟಿನ ಜೇಬಲ್ಲಿಡೋ ರಿವಾಲ್ವರಿನದ್ದು ಇನ್ನೊಂದು ಗೋಳು. ಹೊರಗೆ ಎಳೆಯುವಾಗ ಹ್ಯಾಮರ್ ಅಸ್ತರಿಗೆ ಸಿಕ್ಕಿಕೊಳ್ಳೋದು. 1887ರಲ್ಲಿ ಸ್ಮಿತ್ ಅಂಡ್ ವೆಸನ್ ಅನ್ನೋ ಬಂದೂಕು ಕಂಪನಿ ಹ್ಯಾಮರನ್ನೇ ಒಳಗೆ ಮುಚ್ಚಿಬಿಟ್ಟಿತು. ಹಿಡಿ ಒತ್ತಿ ಹಿಡಿದರೆ ಮಾತ್ರ ಟ್ರಿಗರ್ ಕೆಲಸ ಮಾಡುತ್ತೆ.

ಲೈಸೆನ್ಸು? ಇಂಥ ಕೈಬಂದೂಕಿಗೆ ಲೈಸೆನ್ಸು ಕಡ್ಡಾಯ ಮಾಡಿದ ನ್ಯೂಯಾರ್ಕಿನ ಸಲಿವನ್ ಕಾಯ್ದೆ ಬಂದದ್ದೇ 1911ಕ್ಕೆ. ಹಾಗಂತ ಎಲ್ಲ ಕಡೆ ಮುಕ್ತವೂ ಅಲ್ಲ. ಅಮೆರಿಕದ ಕೆಂಟಕಿ ರಾಜ್ಯ 1813ರಲ್ಲೇ ಆಯುಧ ಬಚ್ಚಿಟ್ಟು ಒಯ್ಯೋದನ್ನ ನಿಷೇಧಿಸಿತ್ತು, ದೂರಪ್ರಯಾಣಿಕರಿಗೆ ಮಾತ್ರ ವಿನಾಯಿತಿ.

ರಿವಾಲ್ವರಿನ ಆ ಖಾಲಿ ಮನೆಯಲ್ಲಿ ನೋಟು ಸುರುಳಿ ಸುತ್ತಿ ಇಡ್ತಿದ್ರಂತೆ ಅನ್ನೋ ಮಾತೂ ಇದೆ. ನಾನಂತೂ ನಂಬಲ್ಲ.