ಉಂಗುರ ಎಲ್ಲಿ ಅಂಕಲ್?

ನಕ್ಷತ್ರ ತೋರಿಸಿ ಹೊಟ್ಟೆ ಹೊರೆಯುವ ನನಗೆ ಗಿರಾಕಿ ಕೊಟ್ಟಿದ್ದು ಎರಡೇ ಸ್ಟಾರ್. ಕೆಳಗೆ ಒಂದು ಸಾಲು: "ಶನಿಯ ಉಂಗುರ ತೋರಿಸ್ತೀವಿ ಅಂತ ಕರೆದರು, ಉಂಗುರ ಕಾಣಲಿಲ್ಲ." ಈಗಲೂ ಅದನ್ನು ಓದಿದರೆ ಕಿವಿ ಬಿಸಿಯಾಗುತ್ತದೆ. ವಾದ ಮಾಡೋಣ ಅಂದರೆ ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ನಮ್ಮದು ಚಿಕ್ಕ ವ್ಯವಹಾರ. ಇಬ್ಬರು ಪಾರ್ಟ್ನರ್, ಸಾಮಾನು ಹೊರಲು ಒಬ್ಬ ಹುಡುಗ, ಎಂಟು ಇಂಚಿನ ಒಂದು ಡಾಬ್, ಅಂದರೆ ಕನ್ನಡಿ ಟೆಲಿಸ್ಕೋಪ್. ಸಕಲೇಶಪುರದ ಕಡೆ ಒಂದು ಕಾಫಿ ತೋಟದ ಹೋಂಸ್ಟೇ ಜೊತೆ ಮಾತಾಡಿಕೊಂಡಿದ್ದೇವೆ. ಅಮಾವಾಸ್ಯೆ ಹತ್ತಿರದ ಶನಿವಾರ, ತಲೆಗೆ 1,200 ರೂಪಾಯಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಅಲ್ಲಿ ಮಳೆ, ಅಂಗಡಿ ಬಂದ್. ಆಕಾಶ ಬೇಕಾದರೆ ಪಾವಗಡ, ಚಳ್ಳಕೆರೆ ಕಡೆಗೆ ಹೋಗೋಣ, ಅಲ್ಲಿ ಮೋಡ ಕಡಿಮೆ ಅಂತ ನಾನು ಮೊದಲ ದಿನದಿಂದ ಹೇಳುತ್ತಿದ್ದೇನೆ. "ಬೆಂಗಳೂರಿನವರಿಗೆ ಹಸಿರು ಬೇಕು ಗುರೂ, ನಕ್ಷತ್ರ ಆಮೇಲೆ" ಅನ್ನುತ್ತಾನೆ ಪಾರ್ಟ್ನರ್. ಬುಕಿಂಗ್, ಇನ್‌ಸ್ಟಾಗ್ರಾಂ, ಪೋಸ್ಟರ್ ಎಲ್ಲ ಅವನ ಕೈಲಿ. ನನ್ನದು ಕತ್ತಲಿನ ಕೆಲಸ.

ಪೋಸ್ಟರ್ ತುಂಬಾ ಶನಿ. ಕ್ಯಾಸಿನಿ ನೌಕೆ ಅಲ್ಲಿಯವರೆಗೂ ಹೋಗಿ ತೆಗೆದ ಚಿತ್ರ. ಬಂಗಾರದ ಬಣ್ಣ, ಅಗಲವಾದ ಉಂಗುರ. ಹಿಂದಿನ ಸೀಸನ್‌ಗಳಲ್ಲಿ ಐಪೀಸ್‌ನಲ್ಲಿ (ಕಣ್ಣಿಟ್ಟು ನೋಡುವ ಲೆನ್ಸ್) ಅಷ್ಟು ದೊಡ್ಡದಾಗಿ ಕಾಣದಿದ್ದರೂ ಉಂಗುರವಂತೂ ಚೆನ್ನಾಗಿಯೇ ಕಾಣುತ್ತಿತ್ತು. ಜನ "ಅಯ್ಯೋ!" ಅಂತ ಹಿಂದೆ ಸರಿದು ಮತ್ತೆ ಬಗ್ಗುತ್ತಿದ್ದರು. ಆ "ಅಯ್ಯೋ" ಮೇಲೆಯೇ ನಮ್ಮ ವ್ಯಾಪಾರ ನಿಂತಿತ್ತು.

2025 ಬೇರೆ ಥರ. ಶನಿ ಸೂರ್ಯನನ್ನು ಒಂದು ಸುತ್ತು ಬರಲು 29 ವರ್ಷ ಚಿಲ್ಲರೆ ಬೇಕು. ಆ ಸುತ್ತಿನಲ್ಲಿ ಎರಡು ಸಲ ಅದರ ಉಂಗುರ ನಮ್ಮ ಕಡೆಗೆ ಅಂಚು ತಿರುಗಿಸುತ್ತದೆ. ಹಿಂದೆ 2009ರಲ್ಲಿ ಹೀಗಾಗಿತ್ತು, ಆಮೇಲೆ 2025ರ ಮಾರ್ಚ್‌ನಲ್ಲಿ. ನವೆಂಬರ್ ಹೊತ್ತಿಗೆ ಮತ್ತೆ ಹೆಚ್ಚುಕಡಿಮೆ ಅದೇ ಸ್ಥಿತಿ, ವಾಲಿಕೆ ಅರ್ಧ ಡಿಗ್ರಿಯೂ ಇಲ್ಲ. ಉಂಗುರದ ಅಗಲ ಎರಡೂವರೆ ಲಕ್ಷ ಕಿಲೋಮೀಟರಿಗೂ ಜಾಸ್ತಿ. ದಪ್ಪ ಮಾತ್ರ ಬಹುತೇಕ ಕಡೆ ಹತ್ತಾರು ಮೀಟರ್ ಅಷ್ಟೇ. ಅಂಚಿನಿಂದ ನೋಡಿದರೆ ಇನ್ನೇನು ಕಾಣುತ್ತದೆ, ಒಂದು ಗೆರೆ.

ಇದೆಲ್ಲ ನನಗೆ ಗೊತ್ತಿತ್ತು. ಅದೇ ಉರಿಯುವುದು. ಪೋಸ್ಟರ್ ಬದಲಾಯಿಸೋಣ ಅಂತ ಪಾರ್ಟ್ನರ್‌ಗೆ ಒಂದು ಸಲ ಹೇಳಿದೆ. "ಗೆರೆ ನೋಡೋಕೆ ಯಾರು ಬರ್ತಾರೆ?" ಅಂದ. ಐದು ತಿಂಗಳು ಗಳಿಕೆ ಇಲ್ಲ, ಕಾರಿನ ಇಎಂಐ ತಲೆ ಮೇಲೆ. ಬಂದವರಿಗೆ ಅಲ್ಲೇ ವಿವರಿಸಿದರಾಯಿತು ಅಂತ ಸುಮ್ಮನಾದೆ.

ನವೆಂಬರ್ 22. ಇಪ್ಪತ್ತೆರಡು ಜನ. ನಾಲ್ಕಕ್ಕೇ ಹೋಗಿ ಕಾಫಿ ಒಣಗಿಸುವ ಕಣದಲ್ಲಿ ಡಾಬ್ ಇಟ್ಟೆವು. ಕೊಯ್ಲು ಇನ್ನೂ ಜೋರಾಗಿರಲಿಲ್ಲ, ಹಾಗಾಗಿ ತೋಟದ ಗೌಡರು ಕಣ ಬಿಟ್ಟುಕೊಟ್ಟಿದ್ದರು. ಕಾಲಿಮೇಷನ್ (ಟೆಲಿಸ್ಕೋಪಿನ ಕನ್ನಡಿಗಳನ್ನು ಒಂದಕ್ಕೊಂದು ನೇರ ಮಾಡುವುದು) ಆಯಿತು, ಟಾರ್ಚಿಗೆಲ್ಲ ಕೆಂಪು ಕಾಗದ ಸುತ್ತಿದ್ದಾಯಿತು. ತೆಳ್ಳಗಿನ ಚಂದ್ರ ಏಳೂವರೆ ಹೊತ್ತಿಗೆ ಮುಳುಗಿದ. ಒಂದು ಮೋಡ ಇಲ್ಲ. ಎಂಟಕ್ಕೆ ಶನಿ ನೆತ್ತಿಯ ಹತ್ತಿರ. ಇಂಥ ರಾತ್ರಿ ಸಿಗುವುದು ಅಪರೂಪ.

ಬಂದವರಲ್ಲಿ ಮೂರು ಜನ ಸಾಡೇಸಾತಿಯವರು. ನಗಬೇಡಿ, ಮಾರ್ಚ್ ಕೊನೆಯಲ್ಲಿ ಶನಿ ಮೀನ ರಾಶಿಗೆ ಬಂದ ಮೇಲೆ ನಮಗೆ ಈ ಥರದ ಗಿರಾಕಿ ಜಾಸ್ತಿ. ನೇರವಾಗಿ ನೋಡಿದರೆ ಕಾಟ ಕಡಿಮೆ ಆಗುತ್ತಾ ಅಂತ ಒಬ್ಬರು ಕೇಳಿದರು. ಅವರ ತಾಯಿ, ಎಪ್ಪತ್ತೈದರ ಮೇಲಿನ ಅಜ್ಜಿ, ಕುರ್ಚಿ ಬಿಟ್ಟು ಏಳಲೇ ಇಲ್ಲ. "ಶನಿವಾರ, ಅದೂ ರಾತ್ರಿ, ದುಡ್ಡು ಕೊಟ್ಟು ಶನಿ ನೋಡ್ತೀರಾ? ನೀವೇ ನೋಡ್ಕೊಳಿ."

ಸಾಲಿನಲ್ಲಿ ಮೊದಲು ಎಂಟು ವರ್ಷದ ಹುಡುಗಿ. ಸ್ಟೂಲ್ ಹತ್ತಿ ಕಣ್ಣಿಟ್ಟಳು. ನಾನು "ಅಯ್ಯೋ"ಗೆ ಕಾದೆ.

"ಉಂಗುರ ಎಲ್ಲಿ ಅಂಕಲ್?"

"ಗೆರೆ ಕಾಣ್ತಿದೆಯಲ್ಲ ಪುಟ್ಟಿ, ಅದೇ."

"ಅದು ಬೋಂಡಾಕ್ಕೆ ಕಡ್ಡಿ ಚುಚ್ಚಿದ ಹಾಗಿದೆ."

ಎಲ್ಲರೂ ನಕ್ಕರು. ಎರಡನೆಯವರು ನೋಡಿದರು, ಮೂರನೆಯವರು ನೋಡಿದರು. ನಗು ನಿಂತಿತು. ನಾಲ್ಕನೆಯವರು ಮೊಬೈಲ್ ತೆಗೆದು, ಪೂರ್ತಿ ಬೆಳಕಿನಲ್ಲಿ, ನಮ್ಮದೇ ಪೋಸ್ಟರ್ ನನ್ನ ಮುಖಕ್ಕೆ ಹಿಡಿದರು. "ಸರ್, ಇದಲ್ವಾ ತೋರಿಸ್ತೀವಿ ಅಂದಿದ್ದು? ನಿಮ್ಮ ಲೆನ್ಸ್ ಏನೋ ಹಾಳಾಗಿರಬೇಕು."

ಆ ಗಳಿಗೆಯಲ್ಲಿ ಬಾಯಿಬಿಟ್ಟು ನಿಜ ಹೇಳಿದ್ದರೆ ಮುಗಿಯುತ್ತಿತ್ತು. ನಾನು ಹೇಳಿದ್ದು: "ಒಂದ್ನಿಮಿಷ, ಅಡ್ಜಸ್ಟ್ ಮಾಡ್ತೀನಿ."

ಏನನ್ನು ಅಡ್ಜಸ್ಟ್ ಮಾಡುವುದು? ಶನಿಯನ್ನಾ? ಆದರೂ ಕೈ ಸುಮ್ಮನಿರಲಿಲ್ಲ. 10 ಎಂಎಂ ಐಪೀಸ್‌ಗೆ ಬಾರ್ಲೋ (ಚಿತ್ರ ಇನ್ನೂ ಹಿಗ್ಗಿಸುವ ಲೆನ್ಸ್) ಹಾಕಿ 240 ಪಟ್ಟು ಮಾಡಿದೆ. ಹಗಲೆಲ್ಲ ಬಿಸಿಲು ಕುಡಿದ ಸಿಮೆಂಟ್ ಕಣ ಇನ್ನೂ ಶಾಖ ಬಿಡುತ್ತಿತ್ತು, ಚಿತ್ರ ಕುದಿಯುವ ಸಾರಿನ ಹಾಗೆ ಅಲುಗಾಡಿತು. ಗೆರೆಯೂ ಹೋಯಿತು. ಆಗ ತಲೆಗೆ ಏನು ಹೊಕ್ಕಿತೋ, ನಮ್ಮ ಹುಡುಗನಿಗೆ ಯಾವತ್ತೂ ಮುಟ್ಟಬೇಡ ಅಂತ ಹೇಳಿಟ್ಟ ಸೆಕೆಂಡರಿ, ಅಂದರೆ ಒಳಗಿನ ಚಿಕ್ಕ ಕನ್ನಡಿಯ ಸ್ಕ್ರೂಗೆ ಕೈ ಹಾಕಿದೆ. ಸಾಯಂಕಾಲವಷ್ಟೇ ಸರಿಮಾಡಿದ್ದು ಅದು. ಏನೂ ಕೆಟ್ಟಿರಲಿಲ್ಲ. ಹಿಂದೆ ನಿಂತವರಿಗೆ ನಾನು ಏನೋ ರಿಪೇರಿ ಮಾಡುತ್ತಿದ್ದೇನೆ ಅಂತ ಕಾಣಬೇಕಿತ್ತು, ಅಷ್ಟೇ. ಎರಡು ತಿರುವಿಗೆ ಶನಿಗೆ ಬಾಲ ಬಂತು. ಇನ್ನೊಂದು ತಿರುವಿಗೆ ಧೂಮಕೇತು. ಹುಡುಗ ಪಕ್ಕಕ್ಕೆ ಬಂದು ಮೆಲ್ಲಗೆ "ಸರ್, ಅದು ಸೆಕೆಂಡರಿ" ಅಂದ. ಅವನ ಮೇಲೆ ರೇಗಿದೆ. ಅದೂ ಒಂದು ತಪ್ಪು.

ಇಪ್ಪತ್ತೈದು ನಿಮಿಷ. ಜರ್ಕಿನ್ ಒಳಗೆ ಬೆವರು, ಹೊರಗೆ ಟ್ಯೂಬ್ ಮೇಲೆ ಇಬ್ಬನಿ. ಹಿಂದಿನಿಂದ "ಹಾಸನದಲ್ಲಿ ಸಿನಿಮಾ ನೋಡಬಹುದಿತ್ತು" ಅನ್ನುವ ಗುಸುಗುಸು. ಅಷ್ಟೂ ಹೊತ್ತು ಜನರನ್ನು ಹಿಡಿದಿಟ್ಟದ್ದು ಶನಿ ನೋಡಲ್ಲ ಅಂದ ಅಜ್ಜಿ. ಮಕ್ಕಳನ್ನೆಲ್ಲ ಕೂರಿಸಿಕೊಂಡು ಪೂರ್ವದ ಕಡೆ ಕೃತ್ತಿಕೆ ಎಣಿಸಲು ಹಚ್ಚಿದ್ದರು. ಯಾರಿಗೆ ಆರು, ಯಾರಿಗೆ ಏಳು ಅಂತ ಜಗಳವೇ ನಡೆದಿತ್ತು. ಅಜ್ಜಿಗೆ ಕನ್ನಡಕ ಹಾಕಿದರೂ ಐದೇ. ಕೆಳಗೆ ರೋಹಿಣಿ, ಆಮೇಲೆ ಮೃಗಶಿರ, ಆರಿದ್ರ, ಮಳೆ ನಕ್ಷತ್ರಗಳ ಲೆಕ್ಕದಲ್ಲೇ ಹೇಳುತ್ತಾ ಹೋದರು. ನನ್ನ ಹಸಿರು ಲೇಸರ್ ಹುಡುಗನ ಜೇಬಿನಲ್ಲೇ ಇತ್ತು.

ಕೊನೆಗೆ ಒಂದು ನಕ್ಷತ್ರ ಹಿಡಿದು ಕಾಲಿಮೇಷನ್ ಸರಿಮಾಡಿ, ಎಲ್ಲರನ್ನೂ ಕರೆದು ವಿಷಯ ಹೇಳಿದೆ. ಗೆಲಿಲಿಯೋಗೂ ಹೀಗೇ ಆಗಿತ್ತು, 1610ರಲ್ಲಿ ಶನಿಯ ಪಕ್ಕ ಕಂಡಿದ್ದು 1612ರಲ್ಲಿ ಮಾಯವಾಗಿ ಗಾಬರಿ ಬಿದ್ದಿದ್ದ ಅಂದೆ. ಬೇರೆ ದಿನ ಈ ಕಥೆಗೆ ಜನ ಬಾಯಿಬಿಟ್ಟು ಕೂರುತ್ತಾರೆ. ಅವತ್ತು ಪೋಸ್ಟರ್ ಹಿಡಿದವರು ಒಂದೇ ಮಾತು ಕೇಳಿದರು: "ಇದು ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

ಆಮೇಲೆ ಗೆಲಿಲಿಯೋ ಬರೀ ನೆಪದ ಹಾಗೆ ಕೇಳಿಸಿದ. ಹತ್ತಿಪ್ಪತ್ತು ಸಲ ಯೋಚಿಸಿದ್ದೇನೆ. ಇದೇ ಗೆರೆಯನ್ನು "ಹದಿನೈದು ವರ್ಷಕ್ಕೊಮ್ಮೆ ಮಾಯವಾಗುವ ಉಂಗುರ" ಅಂತ ಪೋಸ್ಟರ್ ಮೇಲೆ ಹಾಕಿದ್ದರೆ, ನನ್ನ ಪಾರ್ಟ್ನರ್ ಏನೇ ಹೇಳಲಿ, ಅದು ಮಾರಾಟ ಆಗುತ್ತಿತ್ತು. ಅದೇ ಜನ ಅದೇ ಗೆರೆ ನೋಡಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಬಚ್ಚಿಟ್ಟಿದ್ದರಿಂದ ಅದು ಹುಳುಕಾಯಿತು.

ಹತ್ತೂವರೆ ಮೇಲೆ ಸಿಮೆಂಟ್ ತಣಿದಿತ್ತು. ಮೃಗಶಿರದ ಕೆಳಗಿನ ಒರಾಯನ್ ನೆಬ್ಯುಲಾ ಅನ್ನುವ ಅನಿಲದ ಮೋಡ, ಹನ್ನೊಂದರ ನಂತರ ಗುರು ಮತ್ತು ಅದರ ನಾಲ್ಕು ಚಂದ್ರರು. "ಅಯ್ಯೋ" ಬಂತು, ಆದರೆ ಹದಿನಾಲ್ಕೇ ಜನ ಉಳಿದಿದ್ದರು. ಎರಡು ಕುಟುಂಬಕ್ಕೆ ಅರ್ಧ ದುಡ್ಡು ವಾಪಸ್ ಕೊಟ್ಟೆ. ಪಾರ್ಟ್ನರ್ ಎರಡು ದಿನ ಮಾತು ಬಿಟ್ಟ.

ಈಗ ಬುಕ್ ಮಾಡಿದ ಪ್ರತಿಯೊಬ್ಬರಿಗೂ ಐಪೀಸ್‌ನಲ್ಲಿ ಕಾಣುವಷ್ಟನ್ನೇ ಪೆನ್ಸಿಲ್‌ನಲ್ಲಿ ಬರೆದು ವಾಟ್ಸಾಪ್ ಮಾಡುತ್ತೇನೆ. ಪೋಸ್ಟರ್ ಮೇಲೆ ಕ್ಯಾಸಿನಿ ಚಿತ್ರ ಇನ್ನೂ ಇದೆ, ಆ ಜಗಳ ಮುಗಿದಿಲ್ಲ. ಡಿಸೆಂಬರ್ ಬ್ಯಾಚ್‌ನಲ್ಲಿ ನನ್ನ ಚಿತ್ರ ನೋಡಿ ನಾಲ್ಕು ಜನ ಕ್ಯಾನ್ಸಲ್ ಮಾಡಿದರು. ಒಬ್ಬರು ಮಾತ್ರ ಫೋನ್ ಮಾಡಿ, ಪೂರ್ತಿ ಉಂಗುರ ಯಾವಾಗ ಕಾಣುತ್ತೆ ಅಂತ ಕೇಳಿದರು. ವರ್ಷ ವರ್ಷಕ್ಕೂ ಬಿಚ್ಚಿಕೊಳ್ಳುತ್ತೆ ಸರ್, ತುಂಬಾ ಚೆನ್ನಾಗಿ ಕಾಣಬೇಕು ಅಂದ್ರೆ 2032 ಅಂದೆ.

"ಸರಿ, ಆಗಲೇ ಬರ್ತೀವಿ. ಅಡ್ವಾನ್ಸ್ ಎಷ್ಟು?"