ಅಷ್ಟಮಿ ವೇಷದ ಡಬ್ಬಿ

"ಅಕ್ಕ, ಕಾಲೇಜಿನ ಬಗ್ಗೆ ಏನಾದರೂ ಬರೆದು ಕೊಡಿ" ಅಂತ ಕಾಲೇಜು ಸಂಚಿಕೆಯ ಈ ಸಲದ ಸಂಪಾದಕಿ ಫೋನ್ ಮಾಡಿದಾಗ ನನಗೆ ನೆನಪಾದದ್ದು ಎನ್‌ಎಸ್‌ಎಸ್ ಕೋಣೆಯ ತಗಡಿನ ಡಬ್ಬಿ. ಎಣ್ಣೆ ಡಬ್ಬಿ ಅದು. ಮುಚ್ಚಳದಲ್ಲಿ ಉಳಿಯಿಂದ ಒಂದು ಸೀಳು ಮಾಡಿ, ಮೇಲೆ ಬಿಳಿ ಕಾಗದ ಅಂಟಿಸಿದ್ದೆವು. ಆ ಡಬ್ಬಿ ಹಿಡಿದು ನಾನು ಕಲಿತದ್ದನ್ನು ಬರೆಯಬೇಕಾದರೆ ಉಡುಪಿ ಹತ್ತಿರದ ಕಟಪಾಡಿಯ, ಅಷ್ಟಮಿಗೆ ವೇಷ ಹಾಕುವ ರವಿಯವರ ಬಗ್ಗೆ ಬರೆಯದೆ ಆಗುವುದಿಲ್ಲ. ಹಾಗಾಗಿ ಇದು ಅವರ ನೆನಪೂ ಹೌದು.

ನಾನು ಬಿಕಾಂ ಎರಡನೇ ವರ್ಷದಲ್ಲಿದ್ದೆ, 2015. ನಮ್ಮ ಕ್ಲಾಸಿನ ಗೆಳತಿಯೊಬ್ಬಳ ತಮ್ಮನಿಗೆ ರಕ್ತದ ಕಾಯಿಲೆ ಅಂತ ಗೊತ್ತಾಯಿತು. ಅಪ್ಪ ಮೀನಿನ ಬೋಟಿಗೆ ಹೋಗುವವರು. ಮಳೆಗಾಲದಲ್ಲಿ ಬೋಟಿಗೆ ರಜೆ, ಕೈಯಲ್ಲಿ ದುಡ್ಡಿಲ್ಲ. ಎನ್‌ಎಸ್‌ಎಸ್ ಸರ್ ನಮ್ಮಲ್ಲಿ ಎಂಟು ಜನರನ್ನು ಕರೆದು ಡಬ್ಬಿ ಕೊಟ್ಟು ಚಂದಾ ಎತ್ತಲು ಪೇಟೆಗೆ ಕಳಿಸಿದರು. ನನ್ನ ಪಾಲಿಗೆ ಬಂದದ್ದು ಸರ್ವಿಸ್ ಬಸ್‌ಸ್ಟ್ಯಾಂಡ್ ಸುತ್ತಲಿನ ಅಂಗಡಿಗಳು.

ಮೊದಲನೇ ಅಂಗಡಿಯ ಮೆಟ್ಟಿಲು ಹತ್ತಲು ನನಗೆ ಕಾಲು ಬರಲಿಲ್ಲ. ಕೈಯೊಡ್ಡುವುದು ಅಂದರೆ ಹೀಗಿರುತ್ತದಾ ಅನಿಸಿತು. "ಯಾವ ಸಂಘ? ರಶೀದಿ ಉಂಟಾ?" ಅಂತ ಒಬ್ಬರು ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನನ್ನ ಬಾಯಿ ಕಟ್ಟಿಹೋಯಿತು. ಇನ್ನೊಬ್ಬರು ಮುಖ ನೋಡದೆ ಹತ್ತು ರೂಪಾಯಿ ಹಾಕಿದರು. ಸಂಜೆ ಡಬ್ಬಿ ಸುರಿದು ಎಣಿಸಿದರೆ 640 ರೂಪಾಯಿ. ನಾಳೆಯಿಂದ ನಾನು ಹೋಗುವುದಿಲ್ಲ, ಬೇರೆ ಏನಾದರೂ ಕೆಲಸ ಕೊಡಿ ಅಂತ ಸರ್ ಹತ್ತಿರ ಹೇಳಿಬಿಟ್ಟೆ. ಅವರು ಬೈಯಲಿಲ್ಲ. "ಅಷ್ಟಮಿ ಮುಗಿಯಲಿ, ಮತ್ತೆ ನೋಡುವ" ಅಂದರು.

ಉಡುಪಿಯಲ್ಲಿ ಓದಿದವರಿಗೆ ಅಷ್ಟಮಿ ಬಗ್ಗೆ ಹೇಳುವುದೇ ಬೇಡ. ಆದರೂ ಬರೆಯಲು ಆಸೆಯಾಗುತ್ತದೆ. ಅಷ್ಟಮಿಯ ದಿನ ಉಪವಾಸ, ನಡುರಾತ್ರಿ ಚಂದ್ರ ಹುಟ್ಟಿದ ಮೇಲೆ ಕೃಷ್ಣನಿಗೆ ಅರ್ಘ್ಯ. ಮಾರನೇ ದಿನ ವಿಟ್ಲಪಿಂಡಿ. ರಥಬೀದಿಯ ಸುತ್ತ ಗುರ್ಜಿ ಅನ್ನುವ ಕಂಬಗಳನ್ನು ನೆಟ್ಟು ಮೊಸರು ಕುಡಿಕೆ ಕಟ್ಟಿರುತ್ತಾರೆ. ರಥದಲ್ಲಿ ಕೃಷ್ಣನ ಮಣ್ಣಿನ ಮೂರ್ತಿ. ಎಲ್ಲಿ ನೋಡಿದರೂ ವೇಷ. ತಾಸೆ ವಾದ್ಯದ ಪೆಟ್ಟಿಗೆ ಕುಣಿಯುವ ಹುಲಿಗಳು, ಯಕ್ಷಗಾನದ ವೇಷಗಳು, ಅಂಗಡಿ ಅಂಗಡಿಗೆ ಹೋಗಿ ಕೈಚಾಚುವ ಚಿಕ್ಕ ಮಕ್ಕಳ ವೇಷಗಳು.

ಉದ್ಯಾವರದಲ್ಲಿದ್ದ ನನ್ನ ಅಜ್ಜಿ ಅಷ್ಟಮಿಗೆ ಒಂದು ವಾರ ಇರುವಾಗಲೇ ಚಿಲ್ಲರೆ ಕೂಡಿಡುತ್ತಿದ್ದರು. ವೇಷ ಅಂಗಳಕ್ಕೆ ಬಂದರೆ ಬರಿಗೈಯಲ್ಲಿ ಕಳಿಸಬಾರದು ಅನ್ನುವುದು ಅವರ ನಿಯಮ. ಕಾಯಿಲೆ ಬಿದ್ದ ಮಗುವಿಗೆ ಗುಣವಾದರೆ ಹುಲಿವೇಷ ಹಾಕಿಸುತ್ತೇನೆ ಅಂತ ಹರಕೆ ಹೊತ್ತ ಮನೆಗಳು ನಮ್ಮ ಊರಲ್ಲಿ ಎಷ್ಟೋ ಇವೆ. ವೇಷ ಹಾಕಿ ಬೇಡುವುದು ನಮ್ಮಲ್ಲಿ ಸಣ್ಣ ವಿಷಯ ಅಲ್ಲ. ಕೊಡುವವರೂ ಅದನ್ನು ಭಿಕ್ಷೆ ಅಂದುಕೊಳ್ಳುವುದಿಲ್ಲ.

ಆ ವರ್ಷ ವಿಟ್ಲಪಿಂಡಿಯ ದಿನ ಗೆಳತಿಯರ ಜೊತೆ ಹೋಗಿದ್ದೆ. ಜನ ಎಂದರೆ ಜನ. ಮಳೆ ಬಂದು ನಿಂತು, ಮತ್ತೆ ಹನಿ ಶುರುವಾಗಿತ್ತು. ಇದ್ದಕ್ಕಿದ್ದಂತೆ ಮುಂದಿದ್ದವರು ಎರಡು ಪಾಲಾಗಿ ದಾರಿ ಬಿಟ್ಟರು. ನಡುವೆ ಅದು ಬರುತ್ತಿತ್ತು. ನಾನು ಅದುವರೆಗೆ ನೋಡಿದ ಯಾವ ವೇಷದ ಹಾಗೂ ಇರಲಿಲ್ಲ. ಇಂಗ್ಲಿಷ್ ಸಿನಿಮಾದಲ್ಲಿ ಬರುವ ಯಾವುದೋ ಭಯಂಕರ ಜೀವಿ ಸೀದಾ ಎದ್ದು ಬಂದ ಹಾಗಿತ್ತು. ಚರ್ಮ ಒಣಗಿದ ಮರದ ತೊಗಟೆಯಂತೆ ಬಿರುಕು ಬಿಟ್ಟಿತ್ತು. ಬೆರಳುಗಳು ಗೇಣುದ್ದ.

ಅದರ ಸುತ್ತ ಒಂದೇ ಬಣ್ಣದ ಟೀ ಶರ್ಟ್ ಹಾಕಿದ ಹುಡುಗರು ಡಬ್ಬಿ ಹಿಡಿದಿದ್ದರು. "ರವಿ ಕಟಪಾಡಿ, ರವಿ ಕಟಪಾಡಿ" ಅಂತ ಪಕ್ಕದಲ್ಲಿ ಯಾರೋ ಕೂಗಿದರು.

ನನ್ನ ಮುಂದೆ ಒಬ್ಬ ಅಪ್ಪ ಹೆಗಲ ಮೇಲೆ ಮಗಳನ್ನು ಕೂರಿಸಿಕೊಂಡಿದ್ದರು. ಅವಳು ಹೆದರಿ ಕಿರುಚಿದಳು. ವೇಷ ಅಲ್ಲೇ ನಿಂತಿತು. ತಲೆ ತಗ್ಗಿಸಿತು. ಕೈ ಮುಂದೆ ಮಾಡಿ, ಅಂಗೈ ಮೇಲಕ್ಕೆ ತಿರುಗಿಸಿತು, ಅಷ್ಟೇ. ಹುಡುಗಿ ಅಳು ನಿಲ್ಲಿಸಿ ಅಪ್ಪನ ಕೈಯಿಂದ ನೋಟು ಕಿತ್ತುಕೊಂಡು ಆ ಅಂಗೈಯಲ್ಲಿ ಇಟ್ಟಳು. ಆಗ ನನಗೆ ಅವರ ಕಣ್ಣು ಕಾಣಿಸಿತು. ಬಣ್ಣದ ನಡುವೆ ಕೆಂಪಾಗಿ, ನೀರು ತುಂಬಿಕೊಂಡಿದ್ದವು. ಜೊತೆಯ ಹುಡುಗನೊಬ್ಬ ಬಾಟಲಿಗೆ ಸ್ಟ್ರಾ ಹಾಕಿ ಬಾಯಿಯ ಸೀಳಿಗೆ ಹಿಡಿದ. ಎರಡು ಗುಟುಕು ಕುಡಿದು ಮುಂದಿನ ಅಂಗಡಿಗೆ ಹೊರಟರು.

ಅವರ ಬಗ್ಗೆ ಸರಿಯಾಗಿ ಗೊತ್ತಾದದ್ದು ಆಮೇಲೆ. ರವಿಯವರು ಕಟ್ಟಡದ ಕೂಲಿ ಕೆಲಸ ಮಾಡುವವರು. ಓದು ಜಾಸ್ತಿ ಇಲ್ಲ, ಆಸ್ತಿ ಇಲ್ಲ. 2013ರ ಸುಮಾರಿಗೆ ಕೈಗೆ ತೊಂದರೆಯಿದ್ದ ಒಂದು ಪುಟ್ಟ ಮಗುವಿನ ಚಿಕಿತ್ಸೆಗೆ ದುಡ್ಡು ಬೇಕಾಗಿತ್ತು. ಅದಕ್ಕಾಗಿ ಅಷ್ಟಮಿಗೆ ವೇಷ ಹಾಕಿ ಹೊರಟರು. ಮೊದಲ ಸಲವೇ ಲಕ್ಷ ರೂಪಾಯಿ ದಾಟಿತು. ಒಂದು ಸಲ ಮಾಡಿ ಬಿಡಬಹುದಿತ್ತು, ಬಿಡಲಿಲ್ಲ. ವರ್ಷ ವರ್ಷವೂ ಹೊಸ ವೇಷ, ಹೊಸ ಮಕ್ಕಳು. ಫಾನ್ ಅನ್ನುವ ಕೊಂಬಿನ ಜೀವಿ, ಲಿಝಾರ್ಡ್ ಮ್ಯಾನ್, ಮಮ್ಮಿ ಹೀಗೆ. ಗೆಳೆಯರು ಒಂದು ತಂಡವಾಗಿ ಜೊತೆಗೆ ನಿಂತರು. ಹೀಗೆ ಕೂಡಿಸಿ ಕೊಟ್ಟ ಹಣ ವರ್ಷಗಳು ಕಳೆದಂತೆ 1 ಕೋಟಿ ರೂಪಾಯಿ ದಾಟಿತು. ದಿನಗೂಲಿಯ ಮನುಷ್ಯ ಒಬ್ಬರು!

ಬಣ್ಣ ಹಚ್ಚಲು ಗಂಟೆಗಟ್ಟಲೆ ಅಲುಗಾಡದೆ ಕೂರಬೇಕು. ಹಚ್ಚಿದ ಮೇಲೆ ನೆಟ್ಟಗೆ ಊಟವಿಲ್ಲ, ನಿದ್ದೆಯಿಲ್ಲ. ಅಷ್ಟಮಿ, ವಿಟ್ಲಪಿಂಡಿ ಎರಡೂ ದಿನ ಅದೇ ಭಾರ ಹೊತ್ತು ತಿರುಗಬೇಕು. ಬಣ್ಣ ತೆಗೆದ ಮೇಲೆ ಚರ್ಮದ ಉರಿ ಬೇರೆ. "ಅವನಿಗೆ ಹುಚ್ಚು" ಅಂದವರೂ ಇದ್ದರು. ನನಗೆ ಹಾಗೆ ಅನಿಸಲೇ ಇಲ್ಲ. ನಮ್ಮ ಅಜ್ಜಿಯಂಥವರು ಕೂಡಿಟ್ಟ ಚಿಲ್ಲರೆ ಮೊದಲೂ ವೇಷಕ್ಕೆ ಹೋಗುತ್ತಿತ್ತು, ಈಗಲೂ ವೇಷಕ್ಕೇ ಹೋಗುತ್ತದೆ. ಅದನ್ನು ಆಸ್ಪತ್ರೆಯ ಮಂಚದ ತನಕ ಮುಟ್ಟಿಸುವ ದಾರಿ ರವಿಯವರಿಗೆ ಹೊಳೆಯಿತು. ಈ ದುಡ್ಡು ಮಕ್ಕಳ ಚಿಕಿತ್ಸೆಗೆ ಅಂತ ಊರಿಗೆಲ್ಲ ಗೊತ್ತಿತ್ತು. ಹೋದ ವರ್ಷ ಮಾತು ಕೊಟ್ಟ ಹಾಗೆ ಮಕ್ಕಳಿಗೇ ಮುಟ್ಟಿತು ಅನ್ನುವುದೂ ಗೊತ್ತಿತ್ತು. ಹಾಗಾಗಿಯೇ ಜನ ಮುಂದಿನ ವರ್ಷ ವೇಷವನ್ನು ಕಾದು ನಿಂತು ಕೊಟ್ಟರು.

ವಿಟ್ಲಪಿಂಡಿಯ ಮಾರನೇ ದಿನ ನಾನೇ ಸರ್ ಹತ್ತಿರ ಹೋಗಿ ಡಬ್ಬಿ ಕೇಳಿದೆ. ಈ ಸಲ ಕಾಲೇಜಿನ ಸೀಲು ಹಾಕಿದ ರಶೀದಿ ಪುಸ್ತಕ ಮಾಡಿಸಿಕೊಂಡೆವು. ಎಷ್ಟು ಬೇಕು, ಎಷ್ಟು ಆಗಿದೆ ಅಂತ ಡಬ್ಬಿಯ ಬಿಳಿ ಕಾಗದದ ಮೇಲೆ ಪ್ರತಿ ಸಂಜೆ ಬರೆಯುತ್ತಿದ್ದೆವು. ಹೋದ ಸಲ ರಶೀದಿ ಕೇಳಿದ್ದ ಅಂಗಡಿಗೆ ಮೊದಲು ಹೋದೆ. ಕಾಗದ ಓದಿದರು. ಮಗುವಿಗೆ ಎಷ್ಟು ವಯಸ್ಸು ಅಂತ ಕೇಳಿದರು. 500 ರೂಪಾಯಿ ಹಾಕಿ, ಪಕ್ಕದ ಅಂಗಡಿಯವರಿಗೆ ತಾವೇ ಕೂಗಿ ಹೇಳಿದರು. ನನ್ನ ಧ್ವನಿ ಆಗಲೂ ನಡುಗುತ್ತಿತ್ತು. ಆದರೆ ಬಾಯಿ ಕಟ್ಟಲಿಲ್ಲ. ಆ ಕೆಂಪು ಕಣ್ಣು, ಆ ಅಂಗೈ ನೆನಪಿಗೆ ಬಂದರೆ ಮುಂದಿನ ಮೆಟ್ಟಿಲು ತನ್ನಿಂದ ತಾನೇ ಹತ್ತುತ್ತಿದ್ದೆ. ಗೆಳತಿಯ ತಮ್ಮ ಹುಷಾರಾದ. ಈಗ ಐಟಿಐ ಮುಗಿಸಿ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ.

ಕೆಲವು ವರ್ಷಗಳ ನಂತರ ನಾನು ಬೆಂಗಳೂರಿನ ಪಿಜಿಯಲ್ಲಿದ್ದಾಗ ರವಿಯವರು ಕೌನ್ ಬನೇಗಾ ಕರೋಡ್‌ಪತಿಯಲ್ಲಿ ಅಮಿತಾಭ್ ಬಚ್ಚನ್ ಎದುರು ಕುಳಿತದ್ದನ್ನು ನೋಡಿದೆ. ಮುಖಕ್ಕೆ ಬಣ್ಣವಿಲ್ಲದೆ ಅವರನ್ನು ನಾನು ನೋಡಿದ್ದು ಅದೇ ಮೊದಲು. ನಮ್ಮ ಕಡೆಯ ಯಾವ ಬಸ್ಸಿನಲ್ಲೂ ಪಕ್ಕದ ಸೀಟಿನಲ್ಲಿ ಸಿಗಬಹುದಾದ ಮುಖ. ರೂಮಿನವರಿಗೆಲ್ಲ "ಇವರು ನಮ್ಮ ಊರಿನವರು" ಅಂತ ಕೂಗಿ ಹೇಳಿದೆ. ಅಜ್ಜಿಗೆ ಫೋನ್ ಮಾಡಿದೆ. "ನಾನೂ ಕೊಟ್ಟಿದ್ದೇನಲ್ಲ ಮಗಾ ಆ ವೇಷಕ್ಕೆ" ಅಂದರು ಅಜ್ಜಿ. ಆ ಧ್ವನಿಯಲ್ಲಿದ್ದ ಹೆಮ್ಮೆಯನ್ನು ನಾನು ಮರೆಯಲಾರೆ. ಅಜ್ಜಿ ಈಗಿಲ್ಲ.

ನಮ್ಮ ಆ ಡಬ್ಬಿ ಇನ್ನೂ ಎನ್‌ಎಸ್‌ಎಸ್ ಕೋಣೆಯ ಕಪಾಟಿನ ಮೇಲೆ ಇದೆಯಾ? ಇದ್ದರೆ ಒಂದು ಮಾತು. ಅದರ ಮುಚ್ಚಳ ತುಂಬಾ ಬಿಗಿ, ಸೀದಾ ಎಳೆದರೆ ಬರುವುದಿಲ್ಲ. ಬಲಗಡೆಯ ಅಂಚಿಗೆ ಚಮಚದ ಹಿಡಿ ಕೊಟ್ಟು ಮೆಲ್ಲಗೆ ಎತ್ತಬೇಕು.